ರೈಟರು ಹೇಳಿದ ರಿಪೇರಿಗಳು

ನನ್ನ ಬಲಗಾಲಿಗೆ ಒಂದು ಕೆಟ್ಟ ಚಟವಿದೆ. ಯಾರ ವಾಹನದಲ್ಲಿ ಕೂತರೂ ಸರಿ, ಎದುರಿಗೆ ಏನಾದರೂ ಬಂದ ಕೂಡಲೇ ಅದು ತನ್ನಷ್ಟಕ್ಕೆ ತಾನೇ ನೆಲವನ್ನು ಒತ್ತುತ್ತದೆ. ಅಲ್ಲಿ ಬ್ರೇಕ್ ಇಲ್ಲ, ಬರೀ ಮ್ಯಾಟ್ ಇರುವುದು ಎಂದು ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿಬಿಟ್ಟರಂತೂ ಆಲೂರಿನಿಂದ ಹಾಸನ ಮುಟ್ಟುವಷ್ಟರಲ್ಲಿ ಮೀನಖಂಡ ಸೆಟೆದುಕೊಂಡಿರುತ್ತದೆ. ಇವತ್ತು ಬಸ್ಸನ್ನು ನಿಲ್ಲಿಸಿದ್ದು ಡ್ರೈವರೋ ನೀನೋ ಎಂದು ನಮ್ಮ ಮನೆಯವರು ಕೇಳುವುದು ವಾಡಿಕೆ. ನಿಮಗೂ ಈ ಚಟ ಇರಬಹುದು, ಯಾರ ಹತ್ತಿರವೂ ಹೇಳಿಕೊಂಡಿರಲಿಕ್ಕಿಲ್ಲ ಅಷ್ಟೆ.

ಇದರ ಮೂಲ ಹುಡುಕುತ್ತಾ ಹೋದರೆ ಸಿಗುವುದು ನಾನು ಚಿಕ್ಕವಳಿದ್ದಾಗಿನ ಟ್ರಿಪ್ ಜೀಪು. ಮಗ್ಗೆಯಲ್ಲಿ ಬಸ್ಸು ತಪ್ಪಿದರೆ ಆಲೂರಿಗೆ ಬರಲು ಅದೇ ಗತಿ. ಎಂಟು ಜನ ಕೂರುವ ಜಾಗದಲ್ಲಿ ಹದಿನೆಂಟು ಜನ, ಜೊತೆಗೆ ಎರಡು ಕೋಳಿ, ಒಂದು ಗೊನೆ ಬಾಳೆಕಾಯಿ. ಡ್ರೈವರ್ ಅರ್ಧ ಒಳಗೆ, ಅರ್ಧ ಹೊರಗೆ. ಮಕ್ಕಳಿಗೆ ಗೇರಿನ ಪಕ್ಕದ ಜಾಗ ಖಾಯಂ. ಅವನು ಗೇರ್ ಬದಲಿಸುವಾಗಲೆಲ್ಲ "ಕಾಲ್ ತೆಗಿ ಮಗಾ" ಅನ್ನುತ್ತಿದ್ದ, ನಾನು ತೆಗೆಯುತ್ತಿದ್ದೆ. ಒಂದು ಚೂರು ತಡ ಮಾಡಿದರೆ ಜೀಪು ಎರಡನೇ ಗೇರಿನಲ್ಲೇ ಅರಚಿಕೊಂಡು ಏರು ಹತ್ತುತ್ತಿತ್ತು. ಹೀಗಾಗಿ ಅರ್ಧ ಜೀಪು ಓಡಿಸುವವಳು ನಾನೇ ಎಂಬ ಭ್ರಮೆ ನನಗೆ ಏಳನೇ ವಯಸ್ಸಿಗೇ ಅಂಟಿಕೊಂಡಿತು. ಅದು ಇನ್ನೂ ಬಿಟ್ಟಿಲ್ಲ.

ನಿಜವಾಗಿ ಗಾಡಿ ಓಡಿಸಲು ಕಲಿತದ್ದು ಮಾತ್ರ ನಲವತ್ತೇಳಕ್ಕೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದೆ, ಕಂಡಿದ್ದೀರಲ್ಲ? ಕಲಿಸುವವರು ಅದರ ಮೇಲೆ ಕಾಲಿಟ್ಟುಕೊಂಡು ನೆಮ್ಮದಿಯಾಗಿ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಕಲಿತು ಮುಗಿಸಿದ ದಿನ ಅವರು ಹೇಳಿದ ಆಶೀರ್ವಚನ ಏನೆಂದರೆ, "ಮೇಡಂ, ನೀವು ಕಾರಿಗಿಂತ ಜಾಸ್ತಿ ರೋಡಿಗೇ ಹೆದರ್ಕೋತೀರ. ಅದು ಒಳ್ಳೇದೇ ಬಿಡಿ." ಹೊಗಳಿದರೋ ಬೈದರೋ ಇವತ್ತಿಗೂ ಬಗೆಹರಿದಿಲ್ಲ.

ಲೈಸೆನ್ಸ್ ಬಂದರೂ ಕಾರು ಬರಲಿಲ್ಲ. ನಾನು ಮಗ್ಗೆಯ ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು. ಮನೆ ಆಲೂರಿನಲ್ಲಿ. ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದೆ. ಹೋದ ಮಳೆಗಾಲದಲ್ಲಿ ಯಾವುದೋ ಟ್ರ್ಯಾಕ್ಟರ್ ರಸ್ತೆ ಮೇಲೆ ಚೆಲ್ಲಿಹೋಗಿದ್ದ ಗದ್ದೆ ಕೆಸರಿನಲ್ಲಿ ಸ್ಕೂಟರ್ ಜಾರಿ, ನಾನೊಂದು ಕಡೆ, ಉತ್ತರ ಪತ್ರಿಕೆಯ ಕಟ್ಟು ಇನ್ನೊಂದು ಕಡೆ. ಬಲಗೈಗೆ ಆರು ವಾರ ಪಟ್ಟಿ. ಎಡಗೈಯಲ್ಲೇ ಬೋರ್ಡಿನ ಮೇಲೆ ಬರೆದೆ. ಮಿಸ್ಸಿನ ಎಡಗೈ ಅಕ್ಷರವೇ ಓದಲಿಕ್ಕೆ ಸಲೀಸು ಎಂದು ಹತ್ತನೇ ತರಗತಿಯವರು ಒಕ್ಕೊರಲಿನಿಂದ ತೀರ್ಪು ಕೊಟ್ಟರು. ಅದರ ಮೇಲೆ ಕಾಡಾನೆಗಳ ಕಾಟ ಬೇರೆ. ನಮ್ಮ ಕಡೆ ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ನೋಡುವುದು ಶುಭೋದಯದ ಹೂವನ್ನಲ್ಲ, ಆನೆ ಎಲ್ಲಿದೆ ಎನ್ನುವ ಸಂದೇಶವನ್ನು. ಎರಡು ಸಲ ಅರ್ಧ ದಾರಿಯಿಂದ ಸ್ಕೂಟರ್ ತಿರುಗಿಸಿಕೊಂಡು ವಾಪಸ್ ಬಂದಿದ್ದೆ. ಕಾರು ತಗೊಂಡೇ ಬಿಡೋಣ ಎಂದು ನಮ್ಮ ಮನೆಯವರೇ ಶುರು ಮಾಡಿದರು. ಅವರದು ಆಲೂರಿನಲ್ಲಿ ಪೈಪು, ನಲ್ಲಿ, ಮೊಳೆ ಮಾರುವ ಅಂಗಡಿ. ಬೈಕು ಬಿಟ್ಟು ಬೇರೆ ಓಡಿಸಿದವರಲ್ಲ. ಓಡಿಸುವ ಭಾರ ನನ್ನದು, ಆರಿಸುವ ಭಾರ ಇಬ್ಬರದು ಎಂದಾಯಿತು.

ನಮ್ಮ ರಸ್ತೆಗಳಿಗೆ ತಗ್ಗಿನ ಕಾರು ಆಗುವುದಿಲ್ಲ, ದೊಡ್ಡ ಜೀಪು ನನ್ನ ಕೈಗೆ ನಿಲುಕುವುದಿಲ್ಲ. ಇವೆರಡರ ನಡುವೆ ಒಂದು ಜಾತಿ ಬಂದಿದೆ ನೋಡಿ, ಪೂರ್ತಿ ಕಾರೂ ಅಲ್ಲ, ಪೂರ್ತಿ ಜೀಪೂ ಅಲ್ಲ. ಕಂಪನಿಯವರು ಕ್ರಾಸ್‌ಓವರ್ ಅನ್ನುತ್ತಾರಂತೆ, ನಾವು ಎತ್ತರದ ಕಾರು ಅನ್ನುತ್ತೇವೆ. ಹೊಸದು ನಮ್ಮ ಕೈಗೆ ಮೀರಿದ್ದು. ಹಾಗಾಗಿ ಹಳೆಯದೇ ಸೈ.

ಹಳೆಯ ವಸ್ತು ನನಗೆ ಹೊಸದಲ್ಲ. ನಾನು ಬೆಳೆದ ಮನೆಯಲ್ಲಿ ಹೊಸದು ಎಂದು ಬರುತ್ತಿದ್ದದ್ದು ವರ್ಷಕ್ಕೊಂದು ಪಂಚಾಂಗ ಮಾತ್ರ. ಪಠ್ಯಪುಸ್ತಕಗಳು ಅರ್ಧ ಬೆಲೆಗೆ ಹಿಂದಿನ ವರ್ಷದವರಿಂದ ಬರುತ್ತಿದ್ದವು. ಏಳನೇ ತರಗತಿಯ ಗಣಿತದ ಪುಸ್ತಕ ವನಜಾಕ್ಷಿ ಎಂಬವಳದು. ಪುಣ್ಯಾತ್ಮಗಿತ್ತಿ ಪ್ರತಿ ಲೆಕ್ಕದ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಉತ್ತರ ಬರೆದಿಟ್ಟಿದ್ದಳು. ನಾನು ಸಂತೋಷದಿಂದ ಒಂದೊಂದನ್ನೂ ನಕಲು ಮಾಡಿದೆ. ಮೇಷ್ಟ್ರು ನನ್ನ ಪುಸ್ತಕ ನೋಡಿ, ಇದೇ ಉತ್ತರಕ್ಕೆ ವನಜಾಕ್ಷಿಗೂ ಹೋದ ವರ್ಷ ಸೊನ್ನೆ ಕೊಟ್ಟಿದ್ದೆ ಎಂದರು. ಅಮ್ಮ ಮಾತ್ರ ಬೈಯಲಿಲ್ಲ. "ಹಳೇದು ತಂದ್ರೆ ಹಳಬ್ರ ತಪ್ಪೂ ಜೊತೇಲಿ ಬರ್ತದೆ ಕಣೆ. ನೋಡ್ಕೊಂಡು ತರ್ಬೇಕು" ಅಂದಳು ಅಷ್ಟೆ. ಅಂದಿನಿಂದ ನಾನು ನೋಡುವುದು ಜಾಸ್ತಿ, ತರುವುದು ಕಡಿಮೆ. ಒಂದು ಸೀರೆಗೆ ಮೂರು ಅಂಗಡಿ ಹತ್ತಿ, ಕೊನೆಗೆ ಮೊದಲನೇ ಅಂಗಡಿಗೆ ವಾಪಸ್ ಹೋಗುವಷ್ಟರಲ್ಲಿ ಅದನ್ನು ಬೇರೆ ಯಾರೋ ಉಟ್ಟುಕೊಂಡು ಎದುರಿಗೇ ಬಂದಿರುತ್ತಾರೆ.

ಕಾರಿಗೂ ಹೀಗೇ ಆಯಿತು. ಹಾಸನದಲ್ಲಿ ಒಂದನ್ನು ನೋಡಿದೆವು. ಬಾಗಿಲು ತೆಗೆದರೆ ಮದುವೆ ಮನೆಯಷ್ಟು ಅತ್ತರಿನ ವಾಸನೆ. ಇಷ್ಟು ಸೆಂಟು ಹೊಡೆದವರು ಏನನ್ನು ಮುಚ್ಚಿಡುತ್ತಿದ್ದಾರೋ ಎಂದು ಬಿಟ್ಟೆವು. ಇನ್ನೊಬ್ಬರು ತಮ್ಮ ಗಾಡಿಯನ್ನು ಹೊಗಳಿದ ರೀತಿ ಕೇಳಿ, ಇಷ್ಟು ಒಳ್ಳೆಯದಾದರೆ ಇವರೇಕೆ ಮಾರುತ್ತಾರೆ ಎಂದು ಅದನ್ನೂ ಬಿಟ್ಟೆವು. ಕಾಫಿ ಕೊಯ್ಲು ಮುಗಿಯುತ್ತಾ ಬಂದಿದ್ದ ದಿನ. ಅಂಗಡಿಗೆ ಪೈಪು ಕೊಳ್ಳಲು ಬಂದ ತೋಟದವರೊಬ್ಬರು ನಮ್ಮವರಿಗೆ ಒಂದು ಸುದ್ದಿ ಹೇಳಿದರು. ಸಕಲೇಶಪುರದಾಚೆ ದೋಣಿಗಲ್ ಕಡೆ ಲಾರೆನ್ಸ್ ರೈಟರು ಎತ್ತರದ ಕಾರು ಮಾರುತ್ತಾರಂತೆ, ರೈಟರ ಗಾಡಿಯಾದರೆ ಕಣ್ಣುಮುಚ್ಚಿಕೊಂಡು ತಗೊಳ್ಳಬಹುದು ಎಂದು.

ರೈಟರ್ ಎಂದರೆ ಕಥೆ ಬರೆಯುವವರು ಅಂದುಕೊಳ್ಳಬೇಡಿ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವರಿಗೆ ರೈಟರ್ ಅನ್ನುತ್ತಾರೆ. ಬರೆಯುವ ಪುಸ್ತಕಕ್ಕೆ ಚೆಕ್‌ರೋಲ್ ಎಂದು ಹೆಸರು. ಯಾರು ಬಂದರು, ಯಾರು ಬರಲಿಲ್ಲ, ಯಾರು ಅರ್ಧ ದಿನಕ್ಕೆ ಹೋದರು ಎಲ್ಲ ಅದರಲ್ಲಿ. ಲಾರೆನ್ಸ್ ಅವರು ಮೂವತ್ತೆಂಟು ವರ್ಷ ಒಂದೇ ತೋಟದಲ್ಲಿ ರೈಟರಾಗಿದ್ದವರು. ಬಾರದ ಆಳಿಗೆ ಹಾಜರಿ ಹಾಕಿದವರಲ್ಲ, ಬಂದ ಆಳಿನ ಹಾಜರಿ ಕತ್ತರಿಸಿದವರಲ್ಲ. ಆ ಕಡೆ ಯಾವ ಜಗಳ ಬಂದರೂ ರೈಟರು ಏನಂದರು ಎಂದು ಕೇಳುತ್ತಿದ್ದರಂತೆ. ಅವರು ಅಂದಮೇಲೆ ಮುಗಿಯಿತು.

ಒಂದು ಭಾನುವಾರ ಮಧ್ಯಾಹ್ನ ಬಸ್ಸು ಹತ್ತಿ ಹೋದೆವು. ಹೈವೇಯಿಂದ ಒಂದು ಕಿಲೋಮೀಟರ್ ಒಳಗೆ, ಹಂಚಿನ ಚಿಕ್ಕ ಮನೆ. ಎಪ್ಪತ್ತರ ಹತ್ತಿರದ ದಂಪತಿ. ರೈಟರು ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಇಂದಿಗೂ ಎರಡು ಪೆನ್ನು. ಅವರ ಹೆಂಡತಿ ಸೆವ್ರಿನ್ ಬಾಯಿ ನಮಗೆ ಕ್ರಿಸ್ಮಸ್ಸಿಗೆ ಮಾಡಿದ್ದ ಕರ್ಜಿಕಾಯಿಯಲ್ಲಿ ಉಳಿದದ್ದನ್ನು ತಟ್ಟೆಗೆ ಹಾಕಿ ಕೊಟ್ಟರು. ಅವರ ಹಿರಿಯರು ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು, ಮನೆಮಾತು ಕೊಂಕಣಿ. ಆದರೆ ಮನೆಯಲ್ಲಿ ಕೂತಿದ್ದಷ್ಟು ಹೊತ್ತೂ ಗಂಡ ಹೆಂಡತಿ ತಮ್ಮತಮ್ಮಲ್ಲೂ ಕನ್ನಡದಲ್ಲೇ ಮಾತಾಡಿದರು. ಬಂದವರಿಗೆ ತಿಳಿಯದ ಮಾತು ಅವರ ಮುಂದೆ ಆಡಬಾರದು ಎಂಬ ಮರ್ಯಾದೆ ಅದು.

ಕಾರು ಶೆಡ್ಡಿನಲ್ಲಿತ್ತು. ಗೋಧಿ ಬಣ್ಣದ್ದು, ಹಣೆಗೆ ಒಂದು ಗೀರೂ ಇಲ್ಲ. ನಾನು ಕೆಂಪು ಬಣ್ಣದ್ದಕ್ಕೆ ಆಸೆಪಟ್ಟಿದ್ದೆ, ಆದರೂ ನೋಡಿದ ಕೂಡಲೇ ಮನಸ್ಸು ಹೋಯಿತು. ಬಾಗಿಲು ತೆಗೆದು ಕೂರಲು ಬಗ್ಗಬೇಕಿಲ್ಲ, ಹತ್ತಬೇಕಿಲ್ಲ, ಮನೆಯ ಜಗಲಿ ಮೇಲೆ ಕೂತಷ್ಟು ಸುಲಭ. ರೈಟರು ಗಂಟಲು ಸರಿಮಾಡಿಕೊಂಡು, ಹಾಜರಿ ಕೂಗಿದಂತೆ ಒಂದೊಂದೇ ರಿಪೇರಿ ಹೇಳತೊಡಗಿದರು. ಕ್ಲಚ್ ಸವೆದಿದೆ. ಏರಿನಲ್ಲಿ ಮೂರನೇ ಗೇರ್ ಹಾರುತ್ತದೆ. ಮಳೆಗಾಲದಲ್ಲಿ ಡಿಕ್ಕಿಗೆ ನೀರು ಇಳಿಯುತ್ತದೆ. ಎಸಿ ಹಾಕಿದರೆ ಎಂಜಿನ್ ಕಾಯುತ್ತದೆ. ಒಮ್ಮೆ ಚರಂಡಿಗೆ ಇಳಿದು ಅಡಿಯ ಚಾಸಿ ಬಾಗಿದೆ. "ಹೇಳದೆ ಮಾರಿದ್ರೆ ನನಗೆ ನಿದ್ದೆ ಬರೋದಿಲ್ಲ, ನೋಡಿ" ಎಂದರು.

ನಮ್ಮವರು ನನ್ನ ಮುಖ ನೋಡಿದರು, ನಾನು ಅವರದು. ತನ್ನ ವಸ್ತುವಿನ ದೋಷವನ್ನು ತಾನೇ ಹೇಳುವ ವ್ಯಾಪಾರಿಯನ್ನು ನಾವು ಕಂಡದ್ದು ಅದೇ ಮೊದಲು. ಅವರ ಸತ್ಯಕ್ಕೆ ಕೈಮುಗಿಯಬೇಕು ಅನ್ನಿಸಿತು. ಗಾಡಿ ಮಾತ್ರ ಬೇಡ ಅನ್ನಿಸಿತು.

ಆದರೂ ಅಷ್ಟು ದೂರ ಬಂದದ್ದಕ್ಕೆ ಒಂದು ಸುತ್ತು ಹೋಗಿ ಬರೋಣ ಎಂದೆ. ರೈಟರು ನಾನೇ ಓಡಿಸುತ್ತೇನೆ ಎಂದು ಕೂತರು. ಪಕ್ಕದಲ್ಲಿ ಸೆವ್ರಿನ್ ಬಾಯಿ. ಅವರಿಗೆ ಬರುವ ಅಗತ್ಯವೇನಿತ್ತೋ ನನಗೆ ತಿಳಿಯಲಿಲ್ಲ, ಸೆರಗಿನಲ್ಲಿ ಕೈ ಒರೆಸಿಕೊಂಡು ಓಡಿ ಬಂದು ಹತ್ತಿದರು. ನಾವಿಬ್ಬರು ಹಿಂದೆ. ರೈಟರು ಬಹಳ ಚೆನ್ನಾಗಿ ಓಡಿಸಿದರು ಅನ್ನಬೇಕು. ನಿಧಾನ, ಹದ, ತಿರುವಿನಲ್ಲಿ ಹೊಟ್ಟೆಯ ನೀರು ಅಲುಗಲಿಲ್ಲ. ಮೂರನೇ ಗೇರ್ ಹಾರಲಿಲ್ಲ. ಇವರ ಕೈ ಪಳಗಿದೆ, ಅದಕ್ಕೆ ಹಾರಲಿಲ್ಲ, ನನ್ನ ಕೈಗೆ ಬಂದರೆ ಹಾರೀತು ಎಂದು ನನ್ನಷ್ಟಕ್ಕೆ ನಾನೇ ಕಾರಣ ಕೊಟ್ಟುಕೊಂಡೆ. ಸೆವ್ರಿನ್ ಬಾಯಿ ಕೈಗೆ ಜಪಮಾಲೆ ಸುತ್ತಿಕೊಂಡು ಹೊರಟಲ್ಲಿಂದ ತಿರುಗಿ ಬರುವವರೆಗೆ ಕೊಂಕಣಿಯಲ್ಲಿ ಮೆಲ್ಲಗೆ ಏನೋ ಗುನುಗುತ್ತಲೇ ಇದ್ದರು. ಪ್ರಾರ್ಥನೆ ಅಂದುಕೊಂಡೆ. ದೇವರ ಮೇಲೆ ಎಷ್ಟು ಭಕ್ತಿ ಎಂದು ಹಿಂದಿನ ಸೀಟಿನಲ್ಲಿ ನಾನೂ ಮನಸ್ಸಿನಲ್ಲೇ ಕೈ ಜೋಡಿಸಿದೆ.

ಯೋಚಿಸಿ ಹೇಳುತ್ತೇವೆ ಎಂದು ಫೋನ್ ನಂಬರ್ ಕೊಟ್ಟು ಬಂದೆವು. ನಾವು ಯೋಚಿಸಿ ಹೇಳುತ್ತೇವೆ ಅಂದರೆ ಹೇಳುವುದಿಲ್ಲ ಎಂದೇ ಅರ್ಥ. ಆಮೇಲೆ ತಿಳಿದದ್ದು, ನಮಗಿಂತ ಮುಂಚೆ ಮೂರು ಜನ ಹೀಗೇ ಹೋಗಿ ಹೀಗೇ ಬಂದಿದ್ದರು. ರೈಟರೇ ಹೇಳಿದ ಮೇಲೆ ಇನ್ನೇನು ನೋಡುವುದು ಎಂದು ಯಾರೂ ಬಾನೆಟ್ ಕೂಡ ಎತ್ತಿಸಿರಲಿಲ್ಲ.

ಒಂದು ತಿಂಗಳಾಯಿತು. ನಾನು ಮತ್ತೆ ಸ್ಕೂಟರಿನಲ್ಲಿ, ಆನೆಯ ಸಂದೇಶ ನೋಡಿಕೊಂಡು ಹೋಗಿ ಬರುತ್ತಿದ್ದೆ. ಒಂದು ದಿನ ಶಾಲೆಯ ಊಟದ ಹೊತ್ತಿಗೆ ಸೆವ್ರಿನ್ ಬಾಯಿಯ ಫೋನು. ದನಿ ಬಹಳ ತಗ್ಗಿಸಿ ಮಾತಾಡಿದರು. ಬೇರೆ ಏನೂ ಹೇಳಲಿಲ್ಲ. "ಒಂದು ಸಲ ಮೆಕ್ಯಾನಿಕ್‌ನ ಕರ್ಕೊಂಡು ಬನ್ನಿ ಟೀಚರ್. ಆಮೇಲೆ ಬೇಡ ಅಂದ್ರೆ ಬೇಡ" ಎಂದು ಇಟ್ಟುಬಿಟ್ಟರು. ಆ ದನಿಯಲ್ಲಿ ಏನೋ ಇತ್ತು. ಮಾರುವವರ ದನಿ ಅದಲ್ಲ.

ಪುಟ್ಟರಾಜು ಆಲೂರಿನ ಗ್ಯಾರೇಜಿನವನು, ನಮ್ಮವರ ಗೆಳೆಯ. ಅವನಿಗೆ ರೈಟರ ಪುರಾಣ ಗೊತ್ತಿಲ್ಲ, ಗಾಡಿಯನ್ನು ಬಿಟ್ಟು ಬೇರೆ ಯಾರ ಮಾತನ್ನೂ ಅವನು ನಂಬುವುದಿಲ್ಲ. ಅವನನ್ನು ಕರೆದುಕೊಂಡು ಹೋದೆವು. ರೈಟರು ಜಗಲಿಯಲ್ಲಿ ನಮ್ಮೊಂದಿಗೆ ಕೂತು ಮೆಣಸಿನ ಬೆಲೆ, ಮಳೆ, ಮಕ್ಕಳ ಪರೀಕ್ಷೆ ಎಂದು ಮಾತಾಡುತ್ತಿದ್ದರು, ಆದರೆ ಕಿವಿ ಶೆಡ್ಡಿನ ಕಡೆಗೇ ಇತ್ತು. ಪುಟ್ಟರಾಜು ಎಂಜಿನ್ ಹಾಕಿ ಕೇಳಿದ, ಅಡಿಗೆ ತೂರಿ ಮಲಗಿದ, ಏರಿನಲ್ಲಿ ಎರಡು ಸಲ ಓಡಿಸಿಕೊಂಡು ಬಂದ, ಡಿಕ್ಕಿಗೆ ಬಕೆಟಿನಲ್ಲಿ ನೀರು ಹೊಯ್ದು ನೋಡಿದ. ಮುಕ್ಕಾಲು ಗಂಟೆ ಆದಮೇಲೆ ಒಂದು ಮ್ಯಾಟ್ ಕೈಯಲ್ಲಿ ಹಿಡಿದುಕೊಂಡು ಜಗಲಿಗೆ ಬಂದ.

"ಅಕ್ಕಾ, ಗಾಡೀಲಿ ಏನೂ ಇಲ್ಲ. ಕ್ಲಚ್ಚು ಚೆನ್ನಾಗೈತೆ, ಗೇರು ಹಾರಲ್ಲ, ಚಾಸಿ ನೆಟ್ಟಗೈತೆ. ಇದೊಂದೇ ನಂಗೆ ಗೊತ್ತಾಗ್ಲಿಲ್ಲ ನೋಡಿ. ಡ್ರೈವರ್ ಕಡೆ ಮ್ಯಾಟು ಹೊಸದಿದ್ದಂಗೈತೆ, ಪಕ್ಕದ ಸೀಟಿನ ಮ್ಯಾಟು ತೂತು ಬಿದ್ದೋಗೈತೆ. ಅಲ್ಲಿ ಯಾರು ಕೂರ್ತಿದ್ರು?"

ಮ್ಯಾಟಿನ ಬಲಭಾಗದಲ್ಲಿ, ಹೆಬ್ಬೆರಳಿನ ಬುಡ ಒತ್ತುವ ಕಡೆ, ಒಂದು ರೂಪಾಯಿಗಿಂತ ದೊಡ್ಡ ತೂತು. ನನ್ನ ತಲೆಗೆ ತಿಳಿಯುವ ಮುಂಚೆ ನನ್ನ ಬಲಗಾಲಿಗೆ ತಿಳಿಯಿತು. ನನ್ನದು ಅಪರೂಪಕ್ಕೊಮ್ಮೆ ಒತ್ತುವ ಕಾಲು. ರಬ್ಬರಿನ ಮ್ಯಾಟು ತೂತಾಗಬೇಕಾದರೆ ಆ ಕಾಲು ಎಷ್ಟು ದಿನ, ಎಷ್ಟು ಬಲವಾಗಿ ಒತ್ತಿರಬೇಡ.

ಸೆವ್ರಿನ್ ಬಾಯಿ ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, "ಅಲ್ಲಿ ಕೂರೋದು ನಾನು" ಎಂದರು.

ರೈಟರು, ಸಾಕು ಸೆವ್ರಿನ್ ಎಂದರು.

"ಸಾಕು ಅಂತಲೇ ನಾನೂ ಹೇಳ್ತಿರೋದು."

ಆಮೇಲೆ ಅವರು ಹೇಳಿದ್ದು ಇಷ್ಟು. ಮೂರು ವರ್ಷದಿಂದ ರೈಟರ ಕಣ್ಣಿನ ನರ ಸೊರಗುತ್ತಿದೆ. ಎದುರಿನದ್ದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ, ಪೈಪಿನೊಳಗಿಂದ ನೋಡಿದ ಹಾಗೆ. ಹೋದದ್ದು ಆಪರೇಷನ್ನಿಗೂ ವಾಪಸ್ ಬರುವುದಿಲ್ಲ. ಪಕ್ಕದಿಂದ ಬರುವ ದನ, ನಾಯಿ, ಬೈಕು, ಮಗು, ಇವನ್ನೆಲ್ಲ ನೋಡಿ ಹೇಳುವ ಕೆಲಸ ಸೆವ್ರಿನ್ ಬಾಯಿಯದು. ಅಂದು ನಾನು ಕೈಮುಗಿದ ಪ್ರಾರ್ಥನೆ ಎಂದರೆ ನಿಧಾನ, ಎಡಕ್ಕೆ, ದನ, ಹುಡುಗಿ, ನಿಲ್ಲಿ ಎಂಬ ಮಾತುಗಳು. ಪ್ರತಿ ಭಾನುವಾರ ಸಕಲೇಶಪುರದ ಚರ್ಚಿಗೆ, ವಾರಕ್ಕೊಮ್ಮೆ ಸಂತೆಗೆ, ಹೀಗೇ ಹೋಗಿ ಬಂದಿದ್ದಾರೆ. ಕಣ್ಣಿನ ಡಾಕ್ಟರು ಗದರಿಸಿದ ಮೇಲೆ ಕಾರು ಮಾರಲು ರೈಟರು ಒಪ್ಪಿದರು. ಒಪ್ಪಿ, ಬಂದವರಿಗೆಲ್ಲ ಇಲ್ಲದ ರಿಪೇರಿ ಹೇಳಿ ಕಳಿಸುತ್ತಿದ್ದರು. ಒಮ್ಮೆ ಸೆವ್ರಿನ್ ಬಾಯಿ ನಾನು ಕೂರುವುದಿಲ್ಲ ಎಂದು ಹಟ ಹಿಡಿದು ನೋಡಿದರಂತೆ. ರೈಟರು ಒಬ್ಬರೇ ಹೊರಟುಹೋದರು. ವಾಪಸ್ ಬರುವವರೆಗೆ ಗೇಟು ಹಿಡಿದುಕೊಂಡು ನಿಂತಿದ್ದೆ, ಆಮೇಲೆ ಒಂದು ದಿನವೂ ಇವರೊಬ್ಬರನ್ನೇ ಬಿಟ್ಟಿಲ್ಲ ಎಂದರು.

"ನಮಗೇನಾದ್ರೂ ಆದ್ರೆ ಆಗ್ಲಿ, ವಯಸ್ಸಾಯ್ತು. ಯಾರದೋ ಮಗು ಅಡ್ಡ ಬಂದು, ನಾನು ಹೇಳೋದು ಒಂದು ಚೂರು ತಡ ಆದ್ರೆ? ಇವರಿಗೆ ಕಾಣೋದಿಲ್ಲ ಅಂತ ದೇವರು ಇವರನ್ನ ಬಿಟ್ಟಾನು ಕಣ್ರೀ. ನನ್ನ ಹೇಗೆ ಬಿಡ್ತಾನೆ? ನನಗೆ ಕಾಣ್ತದಲ್ಲ."

ಪುಟ್ಟರಾಜು ಮ್ಯಾಟನ್ನು ಬೆನ್ನ ಹಿಂದೆ ಇಟ್ಟುಕೊಂಡ. ನನಗೆ ಅಳು ಬರುವ ಹಾಗಿತ್ತು. ಅಳು ಬಂದಾಗ ನಾನು ಮೇಡಂ ಆಗಿಬಿಡುತ್ತೇನೆ, ಅದು ನನ್ನ ಇನ್ನೊಂದು ಚಟ. ತರಗತಿಯಲ್ಲಿ ಕೇಳುವಂತೆ ಕೇಳಿದೆ, "ರೈಟರೇ, ನೀವು ಬಾರದ ಆಳಿಗೆ ಯಾವತ್ತಾದ್ರೂ ಹಾಜರಿ ಹಾಕಿದ್ದೀರಾ?"

"ಇಲ್ಲ."

"ಮತ್ತೆ ಇಲ್ಲದ ರಿಪೇರಿ ಯಾಕೆ ಹೇಳಿದ್ರಿ?"

ರೈಟರು ಜಗಲಿಯ ನೆಲ ನೋಡುತ್ತಾ ಹೇಳಿದರು, "ಸುಳ್ಳು ಹೇಳಿದೆ. ಗಾಡಿಗೆ ಏನೂ ಆಗಿಲ್ಲ ಟೀಚರ್. ಆಗಿರೋದು ನನಗೆ."

ಒಂದು ಸಲ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಬಂತು. ತೋಟದ ಜೀಪಿನಲ್ಲಿ ಮೂವತ್ತೆಂಟು ವರ್ಷ ಗೊಬ್ಬರದ ಚೀಲದ ಮೇಲೆ, ಕತ್ತಿ ಗುದ್ದಲಿಗಳ ನಡುವೆ, ಹಿಂದೆ ಕೂತವರು ಅವರು. ಸೆವ್ರಿನ್ ಬಾಯಿಗೆ ಹಿಂದೆಯೂ ಜಾಗವಿರಲಿಲ್ಲ. ಲೈನಿನ ಮನೆಯಿಂದ, ಅಂದರೆ ತೋಟದವರ ಸಾಲುಮನೆಯಿಂದ, ಚರ್ಚಿಗೆ ನಡೆದೇ ಹೋಗುತ್ತಿದ್ದರು, ಜೀಪಿನಲ್ಲಿ ಮುಂದೆ ಕೂತು ಹೋಗುವವರು ಧೂಳು ಹಾರಿಸಿಕೊಂಡು ಪಕ್ಕದಲ್ಲೇ ಹೋಗುತ್ತಿದ್ದರು. ನಿವೃತ್ತಿಯಾದ ಮೇಲೆ ಬಂದ ಹಣದಲ್ಲಿ ಮೊದಲು ಕೊಂಡದ್ದು ಈ ಕಾರು. ಕೊಂಡ ದಿನ ಬಾಗಿಲು ತೆಗೆದು 'ಇನ್ನು ನಾನಿರೋವರೆಗೆ ಈ ಮುಂದಿನ ಸೀಟು ನಿಂದು' ಎಂದು ಹೆಂಡತಿಗೆ ಮಾತು ಕೊಟ್ಟಿದ್ದರಂತೆ. ಆ ಮಾತು ತಪ್ಪಿದರೆ ತಾನು ಮತ್ತೆ ಹಿಂದೆ ಕೂತ ರೈಟರೇ ಆಗಿಬಿಡುತ್ತೇನೆ ಎಂಬ ಸಂಕಟ. ಸೀಟು ಕೊಟ್ಟವರು ಅದರಲ್ಲಿ ಕೂತವರ ಕಾಲನ್ನು ನೋಡಿರಲಿಲ್ಲ. ನೋಡಿದರೂ ಅವರಿಗೆ ಪಕ್ಕದ್ದು ಕಾಣುವುದಿಲ್ಲವಲ್ಲ.

"ಭಯ ಆಗ್ತದೆ ಅಂತ ಒಂದು ಮಾತು ಹೇಳ್ಬಾರದಿತ್ತಾ?" ಎಂದು ಹೆಂಡತಿಯನ್ನು ಕೇಳಿದರು.

"ಹೇಳಿದ್ರೆ ನಿಮ್ಮ ಕೈ ನಡುಗ್ತಿತ್ತು" ಎಂದರು ಅವರು.

ನನ್ನ ಜೀವನದಲ್ಲಿ ಅರ್ಧ ನಿಮಿಷದಲ್ಲಿ ಮಾಡಿದ ತೀರ್ಮಾನ ಅದೊಂದೇ. ನಮ್ಮವರನ್ನೂ ಕೇಳದೆ, ತಗೋತೀವಿ ಎಂದುಬಿಟ್ಟೆ. ರೈಟರು ಎದ್ದು ಒಳಗೆ ಹೋದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಹಳೆಯ ಬುದ್ಧಿ ಮರಳಿತು. ಅಷ್ಟು ಆಸೆಪಟ್ಟು ಕೊಂಡವರ ಕೈಯಿಂದ ಕಿತ್ತುಕೊಂಡ ಹಾಗಾಗುತ್ತದೆ, ಅದರಲ್ಲಿ ಕೂತು ನಾನು ದಿನಾ ಸ್ಕೂಲಿಗೆ ಹೇಗೆ ಹೋಗಲಿ ಎಂದು ಶುರು ಮಾಡಿದೆ. ನಮ್ಮವರೂ ಹೌದು ಕಣೆ, ಒಬ್ಬರ ಸಂಕಟದ ವಸ್ತು ಮನೆಗೆ ತರಬಾರದು, ಬೇರೆ ನೋಡೋಣ ಎಂದರು. ಹಿಂದಿನ ಸೀಟಿನಲ್ಲಿದ್ದ ಪುಟ್ಟರಾಜು ಮುಂದಕ್ಕೆ ಬಗ್ಗಿದ. "ಅಕ್ಕಾ, ನೀವು ಬೇಡ ಅಂದ್ರೆ ಗಾಡಿ ಶೆಡ್ಡಲ್ಲೇ ಇರ್ತದೆ. ಶೆಡ್ಡಲ್ಲಿದ್ರೆ ಭಾನುವಾರ ಆವಯ್ಯ ಮತ್ತೆ ಹೊಂಟ್‌ಬುಡ್ತಾರೆ. ಅಷ್ಟು ತಿಳ್ಕಳಿ" ಅಂದ. ಹತ್ತನೇ ಕ್ಲಾಸು ಮುಗಿಸದವನು ಅವನು. ಓದಿದವರು ನಾವಿಬ್ಬರು, ನಮಗೆ ಅದು ಹೊಳೆದಿರಲಿಲ್ಲ. ಬಸ್ಸು ಸಕಲೇಶಪುರ ದಾಟುವ ಮುಂಚೆ ನಾನು ಸೆವ್ರಿನ್ ಬಾಯಿಗೆ ಫೋನ್ ಮಾಡಿ, ಮಾತು ಗಟ್ಟಿ ಎಂದೆ. ಗಾಡಿಯ ಕೀ ತಮ್ಮ ಹತ್ತಿರವೇ ಇದೆ ಎಂದರು ಅವರು. ರೈಟರು ಒಳಗೆ ಹೋದವರು ಅದನ್ನು ತಂದು ಹೆಂಡತಿಯ ಕೈಗೆ ಕೊಟ್ಟು, ನಾನು ಕೇಳಿದರೂ ಕೊಡಬೇಡ ಅಂದರಂತೆ.

ಕಾಗದಪತ್ರಗಳಿಗೆ ಹದಿನೈದು ದಿನ ಹಿಡಿಯಿತು. ಅಷ್ಟರಲ್ಲಿ ಹೂಮಳೆ ಬಿತ್ತು. ನಿಮಗೆ ಗೊತ್ತಿರಬಹುದು, ಬೇಸಿಗೆಯಲ್ಲಿ ಆ ಒಂದು ಮಳೆ ಬಿದ್ದ ವಾರ ಹತ್ತು ದಿನಕ್ಕೆ ಕಾಫಿ ಗಿಡಗಳು ಒಟ್ಟಿಗೇ ಹೂ ಬಿಡುತ್ತವೆ. ಒಂದು ಭಾನುವಾರ ಬೆಳಿಗ್ಗೆ ಬೇಗ ಹೋದೆವು. ರೈಟರು ಮೇಜಿನ ಮುಂದೆ ಕೂತು ವರ್ಗಾವಣೆಯ ಫಾರಂ ತೆಗೆದುಕೊಂಡರು. ಜೇಬಿನಿಂದ ಪೆನ್ನು ತೆಗೆದು, ಸಹಿ ಹಾಕುವ ಗೆರೆ ಹುಡುಕಿದರು. ಕಾಗದದ ಮೇಲೆ ಅವರ ಮುಖ ಆ ಕಡೆಯಿಂದ ಈ ಕಡೆಗೆ ಸರಿಯುತ್ತಿತ್ತು, ಗೆರೆ ಸಿಗಲಿಲ್ಲ. ಸೆವ್ರಿನ್ ಬಾಯಿ ಪಕ್ಕದಲ್ಲಿ ನಿಂತು ಗೆರೆಯ ಮೇಲೆ ಬೆರಳಿಟ್ಟರು. ಆ ಬೆರಳಿನ ಪಕ್ಕದಿಂದ ರೈಟರು ನಿಧಾನವಾಗಿ ಸಹಿ ಹಾಕಿದರು. ಅಕ್ಷರ ಈಗಲೂ ಮುತ್ತಿನಂತಿತ್ತು, ನನ್ನ ಬಲಗೈಯದ್ದಕ್ಕಿಂತ ಸಾವಿರ ಪಾಲು ಚೆನ್ನಾಗಿತ್ತು.

ಚರ್ಚಿಗೆ ಇನ್ನು ಹೇಗೆ ಹೋಗುತ್ತೀರಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ನಮ್ಮ ಬೀದಿಯ ಆಟೋದವನಿಗೆ ಹೇಳಿದ್ದೇವೆ ಎಂದು ಸೆವ್ರಿನ್ ಬಾಯಿಯೇ ಹೇಳಿದರು. ಇವತ್ತೊಂದು ದಿನ ನಾನು ಬಿಡುತ್ತೇನೆ ಎಂದೆ. ಹೇಳಿದ ಮೇಲೆ ನೆನಪಾಯಿತು, ಆ ಕಡೆಯ ತಿರುವುಗಳಲ್ಲಿ ನಾನು ಒಮ್ಮೆಯೂ ಓಡಿಸಿದವಳಲ್ಲ. ರೈಟರು ಎಂದಿನಂತೆ ಬಲಗಡೆಯ ಬಾಗಿಲಿಗೆ ಹೋಗಿ, ಅಲ್ಲಿ ಒಂದು ಗಳಿಗೆ ನಿಂತು, ಸುತ್ತು ಬಳಸಿ ಎಡಗಡೆಗೆ ಬಂದರು. ಮುಂದಿನ ಬಾಗಿಲು ತೆಗೆದು ಹೆಂಡತಿಗೆ ಕೂರು ಎಂದರು. ಬೇಡ, ನೀವು ಕೂರಿ, ನನಗೆ ಹಿಂದೆ ಹಾಯಾಗಿರುತ್ತದೆ ಎಂದು ಸೆವ್ರಿನ್ ಬಾಯಿ ನಮ್ಮವರ ಪಕ್ಕ ಹೋಗಿ ಕೂತರು.

ಹೊರಟೆವು. ಮೊದಲ ತಿರುವಿನಲ್ಲಿ ಹಿಂದಿನಿಂದ "ಸವ್ಕಾಸ್" ಎಂಬ ದನಿ ಬಂತು, ನಿಧಾನ ಎಂದು. ಎರಡನೇ ತಿರುವಿನಲ್ಲಿ ಅರ್ಧ ಬಂದು ನಿಂತಿತು. ಆಮೇಲೆ ಬರಲಿಲ್ಲ. ಒಂದು ದನ ಅಡ್ಡ ಬಂತು, ನಿಲ್ಲಿಸಿದೆ. ಲಾರಿಯೊಂದು ಬಂತು, ಬದಿಗೆ ಸರಿದೆ. ರೈಟರು ಎರಡು ಮಂಡಿಗಳ ಮೇಲೆ ಕೈಯಿಟ್ಟುಕೊಂಡು ನೇರ ಎದುರಿಗೆ ನೋಡುತ್ತಾ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ತಿರುಗದೆಯೇ ಕೇಳಿದರು.

"ಯಾಕೆ ಸೆವ್ರಿನ್, ರೋಡಲ್ಲಿ ಏನೂ ಬರ್ತಾ ಇಲ್ವಾ?"

"ಬರ್ತಾ ಇದೆ. ಅದು ಟೀಚರಿಗೆ ಕಾಣ್ತದೆ."

"ಮತ್ತೆ ನೀನೇನು ನೋಡ್ತಿದ್ದೀಯ?"

"ಹೂ. ಎರಡೂ ಕಡೆ ತೋಟ ಪೂರ್ತಿ ಬೆಳ್ಳಗಾಗಿದೆ ಕಣ್ರೀ. ಮೇಲೆ ಗುಡ್ಡದ ತನಕ."

ರೈಟರ ಮುಖ ಒಂದು ಕಡೆಗೆ ತಿರುಗಿತು, ಇನ್ನೊಂದು ಕಡೆಗೆ ತಿರುಗಿತು. ಅವರಿಗೆ ಎಷ್ಟು ಕಂಡಿತೋ ನನಗೆ ತಿಳಿಯದು. ಹೋದ ವರ್ಷಕ್ಕಿಂತ ಚೆನ್ನಾಗಿದೆಯಾ ಎಂದು ಕೇಳಿದರು.

"ಹೋದ ವರ್ಷದ್ದು ನನಗೇನು ಗೊತ್ತು?" ಎಂದರು ಸೆವ್ರಿನ್ ಬಾಯಿ. "ಮೂರು ವರ್ಷ ಆಯ್ತು, ನಾನೂ ಹೂ ನೋಡಿಲ್ಲ."

ನಾನು ಕಾರನ್ನು ಬದಿಗೆ ತಂದು ನಿಲ್ಲಿಸಿದೆ. ಚರ್ಚಿನ ಪೂಜೆಗೆ ತಡವಾಗುತ್ತದೆ ಎಂದು ಯಾರೂ ಹೇಳಲಿಲ್ಲ.